124 ಅಡಿಗೆ ಬಿದ್ದ ಶಿಳ್ಳೆ

ಮಂಡ್ಯದ ಪ್ರದರ್ಶನದಲ್ಲಿ ಮೊದಲ ಶಿಳ್ಳೆ ಬಿದ್ದದ್ದು ಒಂದು ಅಂಕಿಗೆ. ನಾಟಕ ಆರಂಭವಾಗಿ ನಲವತ್ತು ನಿಮಿಷ ಕಳೆದಿತ್ತು. ಉದ್ದನೆಯ ಮೇಜಿನ ಎರಡು ತುದಿಗಳಲ್ಲಿ ಇಬ್ಬರು ಗುಮಾಸ್ತರು ಕಡತ ಹಿಡಿದು ನಿಂತು, ಕಾವೇರಿಯ ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟಿನ, ಎತ್ತರ ಎಷ್ಟಿರಬೇಕೆಂದು ಹಾಡಿನಲ್ಲೇ ವಾದಿಸುತ್ತಿದ್ದರು. ಮದರಾಸಿನವನು 80 ಅಡಿ ಎಂದು ಒಂದೇ ಸ್ವರದಲ್ಲಿ ಪಟ್ಟು ಹಿಡಿದರೆ, ಮೈಸೂರಿನವನು ಅದೇ ಸಾಲನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಂತೆ ಮೇಲೇರಿಸುತ್ತಾ 124ಕ್ಕೆ ತಂದು ನಿಲ್ಲಿಸುತ್ತಾನೆ. ಆ ಅಂಕಿ ಬಾಯಿಂದ ಹೊರಬಿದ್ದದ್ದೇ ತಡ, ಹಿಂದಿನ ಸಾಲುಗಳಿಂದ ಶಿಳ್ಳೆ, ಅದರ ಬೆನ್ನಿಗೆ ಚಪ್ಪಾಳೆ, ಅದರ ಬೆನ್ನಿಗೆ "ಒನ್ಸ್ ಮೋರ್" ಎಂಬ ಕೂಗು. ಹದಿನೈದು ದಿನಗಳ ಹಿಂದೆ ಮೈಸೂರಿನಲ್ಲಿ ಇದೇ ಸಾಲು ಬಂದಾಗ ಯಾರೊಬ್ಬರೂ ಅಲುಗಾಡಿರಲಿಲ್ಲ.

ಮಂಡ್ಯದವರಿಗೆ ಆ ಅಂಕಿಯನ್ನು ವಿವರಿಸಬೇಕಿಲ್ಲ. ಮಳೆಗಾಲ ಬಂದರೆ ಪತ್ರಿಕೆಯನ್ನು ಕೈಗೆತ್ತಿಕೊಂಡವರ ಕಣ್ಣು ಮೊದಲು ಹೋಗುವುದು ಜಲಾಶಯದ ಮಟ್ಟದ ಕಡೆಗೆ: ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯೂಸೆಕ್. ಟೀ ಅಂಗಡಿಯಲ್ಲಿ ಒಬ್ಬರು "ಇವತ್ತು ಎಷ್ಟು?" ಎಂದರೆ ಅವರು ಕೇಳುತ್ತಿರುವುದು ಕಟ್ಟೆಯ ನೀರನ್ನು ಎಂದು ಎಲ್ಲರಿಗೂ ಗೊತ್ತು. ಅಂಥವರ ಎದುರಿಗೆ ಒಬ್ಬ ನಟ ಕಂಠ ಏರಿಸಿ 124 ಎಂದು ಹಾಡಿದರೆ ಅವರು ಸುಮ್ಮನಿರುವುದು ಹೇಗೆ?

ಈ ಹೊಸ ಸಂಗೀತ ನಾಟಕದ ಮೊದಲ ಮೂರು ಪ್ರದರ್ಶನಗಳನ್ನೂ ನಾನು ನೋಡಿದ್ದೇನೆ. ಮೊದಲನೆಯದು ಮೈಸೂರಿನ ಒಂದು ಪುಟ್ಟ ರಂಗಮಂದಿರದಲ್ಲಿ, ಎರಡನೆಯದು ಮಂಡ್ಯದಲ್ಲಿ, ಮೂರನೆಯದು ಕೃಷ್ಣರಾಜಸಾಗರದ ಹಿನ್ನೀರಿನ ಬದಿಯ ಒಂದು ಊರಿನಲ್ಲಿ, ಮಾರಮ್ಮನ ಗುಡಿಯ ಮುಂದಿನ ಬಯಲಿನಲ್ಲಿ. ತಂಡದವರು ಮೂರನ್ನೂ ಪ್ರಾಯೋಗಿಕ ಪ್ರದರ್ಶನ ಎಂದೇ ಕರೆದಿದ್ದಾರೆ. ನಾಟಕದ ಹೆಸರನ್ನು ಈಗಾಗಲೇ ಎರಡು ಸಲ ಬದಲಾಯಿಸಿದ್ದಾರೆ, ಇನ್ನೂ ಗಟ್ಟಿ ಮಾಡಿಲ್ಲ. ಆದ್ದರಿಂದ ನಾನು ಹೆಸರುಗಳ ಗೋಜಿಗೆ ಹೋಗುವುದಿಲ್ಲ. ಜನ ಏನು ಮಾಡಿದರು, ಅದಕ್ಕೆ ನಾಟಕ ಏನು ಮಾಡಿತು ಎಂಬುದನ್ನು ಬರೆಯುತ್ತೇನೆ. ಅದೇ ನನಗೆ ಮುಖ್ಯವೆನಿಸಿದೆ.

ನಾನು ಮದ್ದೂರು ಕಡೆಯ ಒಬ್ಬ ಹಾರ್ಮೋನಿಯಂ ಮೇಷ್ಟ್ರ ಮಗಳು. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ಈಗ ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ಕಬ್ಬು ಕಡಿದು, ಆಲೆಮನೆಯ ಕೆಲಸ ಮುಗಿದು, ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಅಪ್ಪನಿಗೆ ಊರೂರಿನಿಂದ ಕರೆ ಬರುತ್ತಿತ್ತು. ಕುರುಕ್ಷೇತ್ರವನ್ನೋ ದಕ್ಷಯಜ್ಞವನ್ನೋ ಎರಡು ಮೂರು ತಿಂಗಳು ಕಲಿಸಿ ಒಂದು ರಾತ್ರಿ ಆಡಿಸುವುದು ಅವರ ಕೆಲಸ. ಪಾತ್ರ ಬೇಕಾದವರು ಹಣ ಕಟ್ಟಬೇಕು. ದುರ್ಯೋಧನನಿಗೆ ಒಂದು ದರ, ಕೃಷ್ಣನಿಗೆ ಒಂದು ದರ. ಹಾರ್ಮೋನಿಯಂ ಅನ್ನು ನಮ್ಮ ಕಡೆ ಪೆಟ್ಟಿಗೆ ಎನ್ನುತ್ತಾರೆ. ಅಪ್ಪ ಪೆಟ್ಟಿಗೆಯನ್ನು ವೇದಿಕೆಯ ಪಕ್ಕಕ್ಕಿಟ್ಟು, ಒಂದು ಕಣ್ಣು ನಟರ ಮೇಲೆ, ಒಂದು ಕಣ್ಣು ಜನರ ಮೇಲೆ ಇರುವಂತೆ ಓರೆಯಾಗಿ ಕೂರುತ್ತಿದ್ದರು. ಒಂದು ಕಂದಪದ್ಯ ಮುಗಿದಾಗ ಜನ ಬಿಡದಿದ್ದರೆ ಅದನ್ನೇ ಮತ್ತೆ ಎತ್ತಿಕೊಡುವರು. ಜನ ತೂಕಡಿಸುತ್ತಿದ್ದರೆ ಎರಡು ಚರಣ ಹಾರಿಸಿ ಮುಂದಿನ ಮಟ್ಟಿಗೆ ಹೋಗುವರು. ಹೊಸಬನೊಬ್ಬ ಸಾಲು ಮರೆತು ನಿಂತರೆ, ಅವನಿಗೆ ನೆನಪಾಗುವವರೆಗೂ ಅದೇ ಸ್ವರದ ಸುತ್ತ ಬೆರಳಾಡಿಸುತ್ತಾ ಕಾಯುವರು. ನಾನು ಯಾವ ಸಂಗೀತ ನಾಟಕವನ್ನು ನೋಡಿದರೂ ಆ ಓರೆ ಕೂತ ಮನುಷ್ಯನನ್ನು ಹುಡುಕುತ್ತೇನೆ.

ಈ ನಾಟಕದಲ್ಲಿ ಮೊದಲ ಎರಡು ಪ್ರದರ್ಶನಗಳಲ್ಲಿ ಅವನಿರಲಿಲ್ಲ. ಹದಿನಾಲ್ಕು ಹಾಡುಗಳ ಸಂಗೀತವೆಲ್ಲ ಮೊದಲೇ ಧ್ವನಿಮುದ್ರಣವಾಗಿ ಸಭಾಂಗಣದ ಹಿಂಬದಿಯ ಒಂದು ಲ್ಯಾಪ್‌ಟಾಪಿನಲ್ಲಿತ್ತು. ನಟರು ಕಾಲರ್ ಮೈಕ್ ಸಿಕ್ಕಿಸಿಕೊಂಡು ಆ ಟ್ರ್ಯಾಕಿನ ಮೇಲೆ ಹಾಡುತ್ತಿದ್ದರು.

ಕಥೆಯನ್ನು ಹೇಳಿಬಿಡುತ್ತೇನೆ. ಹಳೆಯ ಕನ್ನಂಬಾಡಿಯಲ್ಲಿ ಸೋಬಾನೆ ಪದ ಹಾಡುವ ಒಬ್ಬ ಅಜ್ಜಿ. ಅವಳ ಮಗ 1911ರಲ್ಲಿ ಕಟ್ಟೆಯ ಕೆಲಸ ಶುರುವಾದಾಗ ಕೂಲಿಗೆ ಸೇರುತ್ತಾನೆ. ಅವನು ಕಟ್ಟುವ ಗೋಡೆ ಏರಿದಂತೆಲ್ಲ ಅವಳ ಮನೆಗೆ ನೀರು ಹತ್ತಿರವಾಗುತ್ತದೆ. ಮಗನ ಕೂಲಿಯೇ ತಾಯಿಯ ಊರನ್ನು ಮುಳುಗಿಸುವ ಈ ಕಥೆಯಲ್ಲಿ ಯಾರನ್ನೂ ಕೆಟ್ಟವರನ್ನಾಗಿ ಮಾಡಿಲ್ಲ, ಅದು ನನಗೆ ಬಹಳ ಹಿಡಿಸಿತು. ಹಿನ್ನೆಲೆಯಲ್ಲಿ ನಡೆಯುವ ಸರ್ಕಾರಗಳ ಜಗಳವೂ ಚರಿತ್ರೆಗೆ ನಿಷ್ಠವಾಗಿದೆ. ಮದರಾಸು ಮೊದಲಿಗೆ 80 ಅಡಿಗೆ ಮಾತ್ರ ಒಪ್ಪಿದ್ದು, ಮೈಸೂರು ಮಾತ್ರ 124 ಅಡಿಗೆ ತಕ್ಕಂತೆ ಬುನಾದಿ ಹಾಕಿದ್ದು, ಮಧ್ಯಸ್ಥಿಕೆಗೆ ಹೋಗಿ ಕೊನೆಗೆ 1924ರ ಒಪ್ಪಂದದಲ್ಲಿ ಅದು ತೀರ್ಮಾನವಾದದ್ದು, ಎಲ್ಲವೂ ಹಾಡಿನೊಳಗೇ ಬರುತ್ತದೆ. ಮಧ್ಯಸ್ಥಿಕೆಯ ದೃಶ್ಯ ಮಾತ್ರ ಉದ್ದವಾಯಿತು. ಮೂರೂ ಕಡೆ ಜನ ಆ ಹೊತ್ತಿನಲ್ಲೇ ನೀರು ಕುಡಿಯಲು ಎದ್ದರು.

ಮೈಸೂರಿನ ಪ್ರದರ್ಶನಕ್ಕೆ ಇನ್ನೂರು ರೂಪಾಯಿ ಟಿಕೆಟ್. ಸಂಜೆ ಆರೂವರೆಗೆ ಸರಿಯಾಗಿ ಮೂರನೆಯ ಗಂಟೆ ಹೊಡೆಯಿತು. ಮೈಸೂರಿನ ಪ್ರೇಕ್ಷಕರು ಶಿಸ್ತಿನವರು. ಹಾಡು ಮುಗಿದ ಕೂಡಲೇ ಚಪ್ಪಾಳೆ, ಮತ್ತೆ ಮೌನ. ಸುರ್ಕಿ ಕುಟ್ಟುವ ಹಾಡಿಗೆ ಎಲ್ಲರ ಮೈ ನೆಟ್ಟಗಾಯಿತು. ಸುಟ್ಟ ಇಟ್ಟಿಗೆಯ ಪುಡಿಗೆ ಸುಣ್ಣ ಬೆರೆಸಿದ ಸುರ್ಕಿ ಗಾರೆಯಿಂದಲೇ ಆ ಕಟ್ಟೆ ಎದ್ದದ್ದು; ಸಿಮೆಂಟು ಅಲ್ಲ. ಹನ್ನೆರಡು ಜನ ಒನಕೆ ಹಿಡಿದು ವೇದಿಕೆಯ ಹಲಗೆಯನ್ನು ಕುಟ್ಟುತ್ತಾ ಹಾಡುತ್ತಾರೆ:

ಕುಟ್ಟಿದಷ್ಟೂ ಕಲ್ಲು ಮೆದುವಾಯಿತು, ತಮ್ಮಾ,
ಕಟ್ಟಿದಷ್ಟೂ ಊರು ದೂರವಾಯಿತು.

ಎರಡನೆಯ ಸಾಲು ಬರುವಾಗ ಹನ್ನೆರಡು ಒನಕೆಗಳಲ್ಲಿ ಒಂದು ಮಾತ್ರ ನಿಂತುಬಿಡುತ್ತದೆ. ಅದು ಮಗನದು. ಆ ಒಂದು ಪೆಟ್ಟಿನ ಕೊರತೆ ಕಿವಿಗೆ ತಿಳಿಯುತ್ತದೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಕಾಲೇಜು ಹುಡುಗ ಅಲ್ಲಿಯವರೆಗೆ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದವನು ಮೊಬೈಲನ್ನು ತೊಡೆಯ ಮೇಲೆ ಇಳಿಸಿದ. ಆಮೇಲೆ ಅವನು ಅದನ್ನು ಎತ್ತಲೇ ಇಲ್ಲ.

ಅಜ್ಜಿ ಊರು ಬಿಡುವ ಹಾಡು ಎರಡನೆಯ ಅಂಕದಲ್ಲಿದೆ. ಅಜ್ಜಿಯ ಪಾತ್ರ ಮಾಡಿದ ಹುಡುಗಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು. ಬೆನ್ನು ಬಾಗಿಸಿ ಮುದುಕಿಯಾಗುವ ಗೋಜಿಗೆ ಹೋಗದೆ, ಬರೀ ಉಸಿರಿನ ಲೆಕ್ಕದಿಂದ ಮುದುಕಿಯಾಗುತ್ತಾಳೆ. ಸಾಲಿನ ಕೊನೆಯ ಅಕ್ಷರಕ್ಕೆ ಉಸಿರು ಸಾಲದೆ ಬಿಟ್ಟುಬಿಡುತ್ತಾಳೆ, ಅದನ್ನು ನಾವು ನಮ್ಮೊಳಗೆ ಹೇಳಿಕೊಳ್ಳುತ್ತೇವೆ. ಅವಳು ಮನೆಗೆ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಡೆದಾಗ ಸಭಾಂಗಣದಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಯಾರಿಗೂ ತಟ್ಟಬೇಕೆನಿಸಲಿಲ್ಲ. ಅಂಥ ಮೌನ ನಾಟಕಕ್ಕೆ ಅಪರೂಪಕ್ಕೆ ಸಿಗುವ ಕೊಡುಗೆ. ಆದರೆ ಲ್ಯಾಪ್‌ಟಾಪಿನಲ್ಲಿ ಎರಡು ಹಾಡುಗಳ ನಡುವೆ ಇಟ್ಟಿದ್ದ ಬಿಡುವು ಕೆಲವೇ ಸೆಕೆಂಡು. ಮೌನ ಇನ್ನೂ ಕಟ್ಟಿಕೊಳ್ಳುತ್ತಿರುವಾಗಲೇ ಕಾಲುವೆ ಅಗೆಯುವವರ ತಮಟೆ ಧ್ವನಿವರ್ಧಕದಿಂದ ಹೊಡೆಯಿತು. ನನಗೆ ಯಾರೋ ಭುಜ ಹಿಡಿದು ಅಲುಗಾಡಿಸಿದಂತಾಯಿತು.

ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೈಸೂರಿನ ಪದ್ಧತಿಯಂತೆ ಸಂವಾದವೂ ನಡೆಯಿತು. ಹಿರಿಯರೊಬ್ಬರು, ಕಟ್ಟೆ ಕಟ್ಟುವಾಗ ಸಿಕ್ಕ ಟಿಪ್ಪು ಕಾಲದ ಪರ್ಷಿಯನ್ ಶಾಸನವನ್ನು ನಾಟಕ ಏಕೆ ಒಂದೇ ವಾಕ್ಯದಲ್ಲಿ ಮುಗಿಸಿತು ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಮಹಿಳೆಯೊಬ್ಬರು ಅಜ್ಜಿಯ ಮಾತು ಪುಸ್ತಕದ ಮಾತಾಗಿದೆ ಎಂದರು, ಅದೂ ನಿಜ. ಒಬ್ಬ ಯುವಕ ಇದನ್ನು ಮ್ಯೂಸಿಕಲ್ ಎನ್ನಬೇಕೋ ರಂಗಗೀತೆಗಳಿರುವ ನಾಟಕ ಎನ್ನಬೇಕೋ ಎಂದು ಕೇಳಿದ. ನಿರ್ದೇಶಕರು ಹೊರದೇಶದ ರಂಗಭೂಮಿಯ ಉದಾಹರಣೆಗಳನ್ನು ಕೊಟ್ಟು ಉತ್ತರಿಸಿದರು.

ನನಗೆ ಆ ಉತ್ತರ ಸಾಕೆನಿಸಲಿಲ್ಲ. ಈ ಊರಿನಲ್ಲಿ ನಾಟಕವೆಂದರೆ ಹಾಡು ಎಂಬ ನಂಬಿಕೆಗೆ ನೂರು ವರ್ಷಗಳಿಗಿಂತ ಹೆಚ್ಚು ವಯಸ್ಸಾಗಿದೆ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಯ ನಾಟಕ ಸಭೆಗಾಗಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದಾಗಲೂ ಜನ ಹೋದದ್ದು ಕೇಳಲು. 1989ರಲ್ಲಿ ಬಿ.ವಿ. ಕಾರಂತರು ರಂಗಾಯಣವನ್ನು ಕಟ್ಟಿದಾಗ, ಕೈಗೆ ಸಿಕ್ಕಿದ ವಸ್ತುವಿನಿಂದ ವೇದಿಕೆಯ ಮೇಲೆಯೇ ಸದ್ದು ಹುಟ್ಟಿಸುವುದನ್ನು ಒಂದು ತಲೆಮಾರಿಗೆ ಕಲಿಸಿದರು. ಅತ್ತ ಮೇಲುಕೋಟೆಯ ಪು.ತಿ.ನ. ಗೀತನಾಟಕಗಳನ್ನೇ ಬರೆದರು. ಹೊಸ ತಂಡ ಈ ಮೂರು ದಾರಿಗಳು ಕೂಡುವ ಜಾಗದಲ್ಲಿ ನಿಂತಿದೆ. ಒನಕೆ ಹಾಡನ್ನು ಕೇಳಿದರೆ ಅದು ಅವರಿಗೂ ಗೊತ್ತಿದೆ ಎನಿಸುತ್ತದೆ. ಆ ಒನಕೆಗಳಿಗೆ ಟ್ರ್ಯಾಕಿನ ಹಂಗು ಬೇಕೇ ಎಂದು ಕೇಳಲು ನಾನು ಕೈ ಎತ್ತಿದ್ದೆ. ಅಷ್ಟರಲ್ಲಿ ಸಮಯ ಮುಗಿಯಿತು ಎಂದರು.

ಆ ಪ್ರಶ್ನೆಯನ್ನು ಮಂಡ್ಯದ ಜನ ನನಗಿಂತ ಚೆನ್ನಾಗಿ ಕೇಳಿದರು.

ಮಂಡ್ಯಕ್ಕೆ ನನ್ನ ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಎಪ್ಪತ್ತೊಂಬತ್ತು. ಅಪ್ಪನ ಮೇಷ್ಟ್ರುಗಿರಿಯ ಕಾಲದಲ್ಲಿ ಊರ ನಾಟಕಗಳನ್ನು ಬೆಳಗಿನ ಜಾವದವರೆಗೆ ಚಾಪೆಯ ಮೇಲೆ ಕುಳಿತು ನೋಡಿದವರು. ಟಿಕೆಟ್ ನೂರು ರೂಪಾಯಿ. ಆರೂವರೆ ಎಂದದ್ದು ಏಳು ಕಾಲಾಯಿತು. ಸಭಾಂಗಣ ತುಂಬಿ, ಪಕ್ಕದ ಗೋಡೆಗೆ ಒರಗಿ ಜನ ನಿಂತಿದ್ದರು. ಮಕ್ಕಳು ವೇದಿಕೆಯ ಮುಂದೆ ನೆಲದ ಮೇಲೆ ಕುಳಿತರು.

ಆ ಶಿಳ್ಳೆಯ ವಿಷಯಕ್ಕೆ ಬರುತ್ತೇನೆ. ಜನ ಒನ್ಸ್ ಮೋರ್ ಕೂಗಿದಾಗ ಮೈಸೂರಿನ ಗುಮಾಸ್ತನಾಗಿದ್ದ ನಟ ಒಂದು ಕ್ಷಣ ನಿಂತ. ಅವನ ಮುಖ ಅರಳಿತು. ಜನರಿಗೆ ಕೈ ಮುಗಿಯಲು ಕೈ ಅರ್ಧ ಎತ್ತಿದ. ಅಷ್ಟರಲ್ಲಿ ಟ್ರ್ಯಾಕು ಮುಂದಿನ ಚರಣಕ್ಕೆ ಹೋಗಿಬಿಟ್ಟಿತ್ತು. ಅವನು ತನ್ನ ಹಾಡಿನ ಹಿಂದೆಯೇ ಓಡಬೇಕಾಯಿತು. ಎರಡು ಸಾಲು ಚಪ್ಪಾಳೆಯಲ್ಲಿ ಮುಳುಗಿದವು, ಮೂರನೆಯದನ್ನು ತಾಳ ತಪ್ಪಿ ಹಿಡಿದ, ನಾಲ್ಕನೆಯದಕ್ಕೆ ಉಸಿರಿರಲಿಲ್ಲ. ಚಿಕ್ಕಮ್ಮ ನನ್ನ ಕೈ ಹಿಡಿದು, "ಪಾಪ, ಆ ಹುಡುಗನಿಗೆ ಉಸಿರು ತೆಗೆದುಕೊಳ್ಳಲೂ ಬಿಡಲಿಲ್ಲವಲ್ಲೇ ಪೆಟ್ಟಿಗೆಯವನು! ಯಾರವನು?" ಎಂದು ಕೇಳಿದರು. ಪೆಟ್ಟಿಗೆಯವನು ಯಾರೂ ಇಲ್ಲ, ಕಂಪ್ಯೂಟರಿನಲ್ಲಿ ಹಾಕಿಟ್ಟಿದ್ದಾರೆ ಚಿಕ್ಕಮ್ಮ ಎಂದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರ ಪಾತ್ರ ಈ ನಾಟಕದಲ್ಲಿ ವೇದಿಕೆಗೆ ಬರುವುದಿಲ್ಲ. ಮೇಜಿನ ಮೇಲೆ ಒಂದು ಪೇಟ ಇರುತ್ತದೆ, ಅದರ ಮೇಲೆ ಬೆಳಕು ಬೀಳುತ್ತದೆ, ಅಷ್ಟೇ. ಮೈಸೂರಿನಲ್ಲಿ ಇದನ್ನು ಜಾಣತನ ಎಂದು ಮೆಚ್ಚಿಕೊಂಡಿದ್ದರು. ಮಂಡ್ಯದಲ್ಲಿ ಆ ಪೇಟದ ಮೇಲೆ ಬೆಳಕು ಬಿದ್ದಾಗ ಮೂರನೆಯ ಸಾಲಿನ ಒಬ್ಬ ಮುದುಕರು ಎದ್ದು ನಿಂತರು, ಅವರನ್ನು ನೋಡಿ ಮತ್ತೊಬ್ಬರು, ಆಮೇಲೆ ಸಾಲಿಗೆ ಸಾಲೇ. ಆ ಮಹನೀಯರ ಚಿತ್ರವನ್ನೂ ನಾಲ್ವಡಿ ಕೃಷ್ಣರಾಜ ಒಡೆಯರ ಚಿತ್ರವನ್ನೂ ದೇವರ ಪಟಗಳ ಪಕ್ಕದಲ್ಲಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಅಂಥ ಮನೆಗಳಿಂದ ಬಂದವರು ಅವರು.

ಇಂಥ ಸಭೆಯ ಮುಂದೆ, ಮುಂದಿನ ದೃಶ್ಯದಲ್ಲಿಯೇ, ಅಜ್ಜಿ ಕಟ್ಟೆಗೆ ಶಾಪ ಹಾಕುತ್ತಾಳೆ. ಮಣ್ಣನ್ನು ಹಿಡಿದು, ನನ್ನ ಒಲೆ ಆರಿಸಿದ ನೀರು ಯಾರ ಒಲೆಯನ್ನೂ ಉರಿಸದಿರಲಿ ಎಂದು ಹಾಡುತ್ತಾಳೆ. ಸಭೆ ಬಿಗಿದುಕೊಂಡಿತು. ಹಿಂದಿನಿಂದ ಒಬ್ಬರು ಕೂಗಿಯೇ ಬಿಟ್ಟರು: "ಆ ಕಟ್ಟೆ ಇಲ್ಲದಿದ್ದರೆ ನಾವೆಲ್ಲಿರುತ್ತಿದ್ದೆವು ತಾಯಿ?"

ಅದು ಗಲಾಟೆ ಮಾಡುವವನ ದನಿಯಾಗಿರಲಿಲ್ಲ. ಅದರಲ್ಲಿ ನೋವಿತ್ತು. ಕಟ್ಟೆಯಿಂದ ಹೊರಟ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಬಂದ ಮೇಲೆ ಭತ್ತ ಬಂತು, ಕಬ್ಬು ಬಂತು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಬಂತು. ನಮ್ಮ ಅಪ್ಪನ ಪೆಟ್ಟಿಗೆಗೆ ಸಂಭಾವನೆ ಬಂದದ್ದೂ ಅದೇ ನೀರಿನಿಂದ; ನಾನು ಓದಿದ್ದು ಆ ಸಂಭಾವನೆಯಿಂದ. ಕೂಗಿದ ಆ ಮನುಷ್ಯರ ಮಾತು ನನ್ನದೂ ಆಗಿತ್ತು. ಅದೇ ಹೊತ್ತಿಗೆ ಅಜ್ಜಿಯ ಶಾಪವೂ ನನ್ನ ಗಂಟಲಲ್ಲಿತ್ತು. ಇದೇ ಈ ನಾಟಕದ ಹೃದಯ. ಆ ಪ್ರಶ್ನೆಯ ಮುಂದೆ ಅಜ್ಜಿ ಎರಡು ಗಳಿಗೆ ನಿಂತು, ಕೂಗಿದವರ ಕಡೆಗೆ ತಿರುಗಿ ನೋಡಿ, ಆಮೇಲೆ ಮುಂದಿನ ಸಾಲನ್ನು ಹಾಡಿದ್ದರೆ ಏನಾಗುತ್ತಿತ್ತು! ಆ ಹುಡುಗಿ ತಿರುಗಿದ್ದಳು ಕೂಡ. ನಾನು ಕಣ್ಣಾರೆ ನೋಡಿದೆ. ಆದರೆ ಟ್ರ್ಯಾಕು ಅವಳನ್ನು ಎಳೆದುಕೊಂಡು ಹೋಯಿತು. ಅವಳು ಜನರಿಂದ ಮುಖ ತಿರುಗಿಸಿ ಹಾಡಿಗೆ ಮರಳಬೇಕಾಯಿತು. ಕೇಳಿದ ಪ್ರಶ್ನೆ ಕೇಳಿದವರ ಬಳಿಯೇ ಉಳಿಯಿತು.

ಧ್ವನಿಮುದ್ರಿತ ಸಂಗೀತದ ಬಗ್ಗೆ ನನಗೆ ದ್ವೇಷವಿಲ್ಲ. ಇಪ್ಪತ್ತು ವಾದ್ಯಗಾರರನ್ನು ಊರೂರಿಗೆ ಕರೆದುಕೊಂಡು ಹೋಗುವ ಶಕ್ತಿ ಯಾವ ಹವ್ಯಾಸಿ ತಂಡಕ್ಕಿದೆ? ಕಟ್ಟೆಯ ಬಾಗಿಲು ತೆರೆಯುವ ದೃಶ್ಯಕ್ಕೆ ಹಾಕಿರುವ ಸಂಗೀತ ನಿಜಕ್ಕೂ ದೊಡ್ಡದು, ನೀರು ಎದೆಯ ಮೇಲೆ ಹರಿದುಹೋದಂತಿದೆ. ಆದರೆ ಟ್ರ್ಯಾಕಿಗೆ ಕಿವಿಯಿಲ್ಲ. ಜನ ನಕ್ಕರೂ ಅತ್ತರೂ ಪ್ರಶ್ನೆ ಕೇಳಿದರೂ ಅದು ನಡೆಯುವುದು ತನ್ನ ಗಡಿಯಾರದಂತೆಯೇ.

ಮಂಡ್ಯದಲ್ಲಿ ನಡೆದ ಇನ್ನೊಂದು ಸಂಗತಿಯನ್ನು ತಂಡದವರು ಗಮನಿಸಿದರೋ ಇಲ್ಲವೋ, ನಾನು ಬರೆದಿಡಬೇಕು. ನಾಟಕದ ಕೊನೆಯಲ್ಲಿ ನೀರು ಇಳಿದು, ಮುಳುಗಿದ್ದ ವೇಣುಗೋಪಾಲಸ್ವಾಮಿ ದೇವಾಲಯ ಮೇಲೆ ಕಾಣಿಸಿಕೊಳ್ಳುತ್ತದೆ. ನೀಲಿ ಬಟ್ಟೆ ಮೆಲ್ಲಗೆ ಕೆಳಗೆ ಸರಿದು ಕಂಬಗಳು ಒಂದೊಂದಾಗಿ ಮೂಡುತ್ತವೆ. ಮೈಸೂರಿನಲ್ಲಿ ಇದಕ್ಕೇ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ. ಕಳೆದುಹೋದದ್ದು ಮರಳಿ ಬಂತು ಎಂಬ ಸಂತೋಷ. ಮಂಡ್ಯದಲ್ಲಿ ಕಂಬಗಳು ಮೂಡುತ್ತಿದ್ದಂತೆ ಸಭೆಯಿಂದ ಒಂದು "ಅಯ್ಯೋ" ಎದ್ದಿತು. ಚಿಕ್ಕಮ್ಮನೂ ಅಯ್ಯೋ ಎಂದರು. ದೇವಸ್ಥಾನವನ್ನು ಹೊಸ ಕನ್ನಂಬಾಡಿಗೆ ಸಾಗಿಸಿ ಮತ್ತೆ ಕಟ್ಟಿದ್ದು ಈಚಿನ ಮಾತು. ಅದಕ್ಕೆ ಮೊದಲು ಆ ಗುಡಿ ನೀರಿನಿಂದ ಮೇಲೆ ಕಂಡಿತೆಂದರೆ ಕಟ್ಟೆ ಬತ್ತಿತೆಂದು ಅರ್ಥ. ನಾಲೆಗೆ ನೀರಿಲ್ಲ, ಕಬ್ಬು ಒಣಗುತ್ತದೆ, ಸಾಲ ತೀರುವುದಿಲ್ಲ. ಗುಡಿಯನ್ನು ನೋಡಲು ಜನ ಹೋಗುತ್ತಿದ್ದರು, ಕೈ ಮುಗಿಯುತ್ತಿದ್ದರು, ಹೊಟ್ಟೆಯೊಳಗೆ ಮಾತ್ರ ಕಳವಳ. ಅದೇ ದೃಶ್ಯ, ಅದೇ ಬೆಳಕು. ನಲವತ್ತೈದು ಕಿಲೋಮೀಟರ್ ದೂರದಲ್ಲಿ ಅದರ ಅರ್ಥ ತಲೆಕೆಳಗಾಯಿತು. ಈ "ಅಯ್ಯೋ" ಒಳಗೆ ಇರುವ ಭಯ ಮತ್ತು ಭಕ್ತಿ ಎರಡನ್ನೂ ಹಿಡಿಯಬಲ್ಲ ಕೊನೆಯ ಹಾಡನ್ನು ಬರೆದರೆ ಈ ನಾಟಕ ಬಹಳ ಮೇಲಕ್ಕೆ ಹೋಗುತ್ತದೆ. ಈಗಿರುವ ಮಂಗಳಗೀತೆಯಲ್ಲಿ ಸಂತೋಷ ಮಾತ್ರ ಇದೆ.

ಸಣ್ಣಪುಟ್ಟ ದೂರುಗಳನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಕಾಲರ್ ಮೈಕಿಗೆ ಸೆರಗು ಉಜ್ಜಿ ಅಜ್ಜಿಯ ಎರಡು ಹಾಡುಗಳಲ್ಲಿ ಕರಕರ ಸದ್ದು ಬಂತು. ಮಗ ಮತ್ತು ಕಲ್ಲುಕುಟಿಗರ ಹುಡುಗಿಯ ಪ್ರೇಮಗೀತೆ ಕಥೆಗೆ ಬೇಕಿಲ್ಲ. ಮೈಸೂರಿನ ಎಳೆಯರು ಅದಕ್ಕೆ ಸೀಟಿ ಹೊಡೆದರು ನಿಜ, ಚಿಕ್ಕಮ್ಮ ಮಾತ್ರ "ಇದು ಸಿನಿಮಾದ್ದು" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರು. ಮೂರು ಗಂಟೆ ಹತ್ತು ನಿಮಿಷ ಇದ್ದದ್ದನ್ನು ಮಂಡ್ಯದ ಹೊತ್ತಿಗೆ ಎರಡು ಗಂಟೆ ಐವತ್ತಕ್ಕೆ ಇಳಿಸಿದ್ದರು. ಇನ್ನೂ ಇಪ್ಪತ್ತು ನಿಮಿಷ ಕಡಿಮೆಯಾದರೆ ಹಳ್ಳಿಗಳಿಗೆ ಹೋಗುವವರಿಗೆ ಕೊನೆಯ ಬಸ್ ಸಿಗುತ್ತದೆ.

ಮಂಡ್ಯದ ಪ್ರದರ್ಶನ ಮುಗಿದ ಮೇಲೆ ನಾನು ನಿರ್ದೇಶಕರ ಬಳಿಗೆ ಹೋಗಿ ಅಪ್ಪ ಪೆಟ್ಟಿಗೆಯ ಮುಂದೆ ಓರೆಯಾಗಿ ಕೂರುತ್ತಿದ್ದುದನ್ನು ಹೇಳಿದೆ. ಮೂವತ್ತೈದರ ಆಸುಪಾಸಿನ ಅವರು ಸುಮ್ಮನೆ ಕೇಳಿಸಿಕೊಂಡು, "ಮೇಡಂ, ಇವತ್ತು ನನಗೂ ನಿದ್ದೆ ಬರುವುದಿಲ್ಲ" ಎಂದರು.

ಮೂರನೆಯ ಪ್ರದರ್ಶನಕ್ಕೆ ಮೂರು ವಾರ ಬಿಡುವು ತೆಗೆದುಕೊಂಡರು. ಹಿನ್ನೀರಿನ ಆ ಊರಿಗೆ ನಾನು ಹೋದಾಗ ಮಾರಮ್ಮನ ಗುಡಿಯ ಮುಂದೆ ಶಾಮಿಯಾನ ಹಾಕಿ, ಟ್ರ್ಯಾಕ್ಟರ್ ಟ್ರೇಲರುಗಳನ್ನು ಜೋಡಿಸಿ ಅದರ ಮೇಲೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ವೇದಿಕೆಯ ಬಲಗಡೆ, ಓರೆಯಾಗಿ, ಒಂದು ಹಾರ್ಮೋನಿಯಂ. ಅದರ ಮುಂದೆ ಅರವತ್ತು ದಾಟಿದ ಒಬ್ಬ ಮೇಷ್ಟ್ರು, ಪಕ್ಕದಲ್ಲಿ ತಬಲಾದವರು. ನನಗೆ ಕಣ್ಣು ಮಂಜಾಯಿತು.

ಹದಿನಾಲ್ಕು ಹಾಡುಗಳಲ್ಲಿ ಐದನ್ನು ಮೇಷ್ಟ್ರಿಗೆ ಬಿಟ್ಟುಕೊಟ್ಟಿದ್ದರು: ಗುಮಾಸ್ತರ ಜಗಳ, ಸುರ್ಕಿಯ ಹಾಡು, ಅಜ್ಜಿಯ ಮೂರು ಹಾಡು. ಉಳಿದವು ಟ್ರ್ಯಾಕಿನಲ್ಲೇ ಇದ್ದವು. 124 ಬಂದಾಗ ಇಲ್ಲಿಯೂ ಕೂಗೆದ್ದಿತು. ಮೇಷ್ಟ್ರು ತಲೆ ಎತ್ತಿ ಜನರನ್ನು ನೋಡಿ, ಗುಮಾಸ್ತನನ್ನು ನೋಡಿ, ಕತ್ತು ಅಲ್ಲಾಡಿಸಿ ಅದೇ ಸಾಲನ್ನು ಮತ್ತೆ ಎತ್ತಿಕೊಟ್ಟರು. ಆ ಹುಡುಗ ಎರಡನೆಯ ಸಲ ಹಾಡುವಾಗ ಮೆಟ್ಟಿಲಿಗೆ ಒಂದು ಹೊಸ ಸಂಗತಿ ಸೇರಿಸಿದ. ಮೂರನೆಯ ಸಲ ಜನರೇ ಅವನಿಗಿಂತ ಮೊದಲು ಅಂಕಿಯನ್ನು ಹೇಳಿದರು.

ಅಜ್ಜಿಯ ಸೋಬಾನೆ ಬಂದಾಗ ನಡೆದದ್ದನ್ನು ನಾನು ಮರೆಯಲಾರೆ. ಸೋಬಾನೆ ಪದವನ್ನು ಒಬ್ಬರು ಹೇಳಿಕೊಟ್ಟರೆ ಉಳಿದವರು ಪಲ್ಲವಿ ಹಿಡಿಯುವುದು ಪದ್ಧತಿ. ಮೈಸೂರಿನಲ್ಲಿಯೂ ಮಂಡ್ಯದಲ್ಲಿಯೂ ಪಲ್ಲವಿಯನ್ನು ಟ್ರ್ಯಾಕಿನೊಳಗಿನ ಹೆಣ್ಣು ದನಿಗಳು ಹಾಡಿದ್ದವು. ಇಲ್ಲಿ ಆ ದನಿಗಳಿರಲಿಲ್ಲ. ಅಜ್ಜಿ ಮೊದಲ ಸಾಲು ಹೇಳಿ ನಿಲ್ಲಿಸಿದಳು. ಬಯಲಿನ ಎಡಭಾಗದಲ್ಲಿ ಚಾಪೆ ಹಾಸಿಕೊಂಡು ಕುಳಿತಿದ್ದ ಹೆಂಗಸರ ಗುಂಪಿನಿಂದ, ಯಾರೂ ಕೇಳದೆ, ಯಾರೂ ಸನ್ನೆ ಮಾಡದೆ, ಸೋ ಎಂಬ ಪಲ್ಲವಿ ಎದ್ದಿತು. ಮೊದಲಿಗೆ ನಾಲ್ಕೈದು ದನಿ, ಎರಡನೆಯ ಸಾಲಿಗೆ ಮೂವತ್ತು. ಹುಡುಗಿಯ ಕೊರಳು ನಡುಗಿತು. ಮೇಷ್ಟ್ರು ಬರೀ ಶ್ರುತಿ ಹಿಡಿದು ಕಾದರು. ಅವಳು ಮುಂದಿನ ಸಾಲು ಹೇಳಿದಳು, ಹೆಂಗಸರು ಹಿಡಿದರು. ನಾಟಕದ ಪಠ್ಯದಲ್ಲಿ ಇದ್ದದ್ದು ಆರೇ ಸಾಲು. ಅವು ಮುಗಿದ ಮೇಲೂ ಹೆಂಗಸರು ಬಿಡಲಿಲ್ಲ, ಅವಳು ಮೊದಲಿನಿಂದ ಮತ್ತೆ ಹೇಳಿದಳು. ಆಮೇಲೆ ಅವಳು ಕಟ್ಟೆಗೆ ಶಾಪ ಹಾಕಿದಾಗ ಯಾರೂ ಕೂಗಲಿಲ್ಲ. ಅವಳು ಆ ಹೊತ್ತಿಗೆ ಅವರ ಮನೆಯ ಮುದುಕಿಯಾಗಿದ್ದಳು.

ಆದರೆ ಅವಳು ಮನೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಾಗ, ಮೈಸೂರಿನಲ್ಲಿ ಎಲ್ಲರನ್ನೂ ಅಳಿಸಿದ ಆ ಗಳಿಗೆಯಲ್ಲಿ, ಇಲ್ಲಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೇಕೆಂದು ನನಗೆ ಅರ್ಥವಾಗಲಿಲ್ಲ. ನಾಟಕ ಮುಗಿದ ಮೇಲೆ ಒಬ್ಬ ಯಜಮಾನರು, ಎಂಬತ್ತರ ಮೇಲಿನವರು, ಕೋಲೂರಿಕೊಂಡು ವೇದಿಕೆಯ ಬಳಿಗೆ ಬಂದು ನಿರ್ದೇಶಕರನ್ನು ಕೇಳಿದರು.

"ಎಲ್ಲಾ ಚೆನ್ನಾಗಿ ಮಾಡಿದಿರಿ ಸ್ವಾಮಿ. ಬೀಗ ಏಕೆ ಹಾಕಿಸಿದಿರಿ?"

"ಮನೆ ಬಿಟ್ಟು ಹೋಗುತ್ತಾಳಲ್ಲ ಯಜಮಾನರೇ, ಅದಕ್ಕೆ."

"ಬಾಗಿಲನ್ನು ನೀರಿಗೆ ಬಿಟ್ಟು ಯಾರಾದರೂ ಬರುತ್ತಾರೆಯೇ? ನಮ್ಮ ತಾತ ಹೇಳುತ್ತಿದ್ದರು, ತೊಲೆ, ಜಂತೆ, ಬಾಗಿಲು ಎಲ್ಲವನ್ನೂ ಬಿಚ್ಚಿ ಗಾಡಿಗೆ ಹೇರಿಕೊಂಡು ಬಂದೆವು ಎಂದು. ಗೋಡೆ ಮಾತ್ರ ಅಲ್ಲಿ ಬಿಟ್ಟರು. ನಮ್ಮ ಮನೆಯ ತಲೆಬಾಗಿಲು ಇವತ್ತಿಗೂ ಆ ಊರಿನದೇ. ಬನ್ನಿ, ತೋರಿಸುತ್ತೇನೆ."

ರಾತ್ರಿ ಹನ್ನೊಂದು ದಾಟಿತ್ತು. ನಿರ್ದೇಶಕರು, ಸೆಟ್ ಮಾಡುವ ಬಡಗಿ, ಇನ್ನೂ ಬಿಳಿ ಕೂದಲಿನ ಬಣ್ಣ ತೆಗೆಯದಿದ್ದ ಆ ಹುಡುಗಿ, ನಾನು, ಎಲ್ಲರೂ ಅವರ ಹಿಂದೆ ಹೋದೆವು. ಹೆಂಚಿನ ಮನೆ, ಸಿಮೆಂಟಿನ ಜಗಲಿ. ಅದರ ನಡುವೆ ಹಲಸಿನ ಮರದ ಗಿಡ್ಡ ಬಾಗಿಲು, ಮೇಲಿನ ಪಟ್ಟಿಯಲ್ಲಿ ಮೂಗು ಸವೆದ ಗಜಲಕ್ಷ್ಮಿ, ಹೊಸಿಲಿಗೆ ಅಂದಿನ ಅರಿಶಿನ ಕುಂಕುಮ. ಮನೆಯ ಗೋಡೆಗಿಂತ ಬಾಗಿಲು ಎರಡು ತಲೆಮಾರು ಹಿರಿಯದು. ಹುಡುಗಿ ಅದನ್ನು ಮುಟ್ಟಲೋ ಬೇಡವೋ ಎಂದು ನಿಂತಿದ್ದಳು. ಯಜಮಾನರ ಹೆಂಡತಿ ಒಳಗಿನಿಂದ, "ಬಗ್ಗಿ ಬಾರಮ್ಮ, ತಲೆಗೆ ತಾಗುತ್ತದೆ" ಎಂದರು. ಬಡಗಿ ಅಷ್ಟರಲ್ಲಿ ಮೊಬೈಲಿನ ಬೆಳಕನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಚೌಕಟ್ಟಿನ ಎತ್ತರವನ್ನು ಗೇಣು ಹಾಕಿ ಅಳೆಯಲು ಶುರು ಮಾಡಿದ್ದ.